ತಲೆಗೆ ಹಚ್ಚುವ ಕಪ್ಪು ಎಲ್ಲಿಂದ ಬಂತು?

ಮನೆಯಲ್ಲಿ ಮದುವೆ ಇದೆ ಅಂದರೆ ಪೆಟ್ಟಿಗೆ ಅಂಗಡಿಯಿಂದ ಡೈ ಪಾಕೆಟ್ ಬಂದೇ ಬರುತ್ತದೆ. ಮರುದಿನ ಒಬ್ಬರಿಗಾದರೂ ಹಣೆ ತುರಿಕೆ, ಕಣ್ಣು ಊತ. 'ಬಿಸಿಲಿಗೆ ಆಗಿದ್ದು' ಎಂದು ನಾವೂ ಸುಮ್ಮನಾಗಿದ್ದೆವು. ಆದರೆ ಈ ಕಪ್ಪಿನ ಹಿಂದೆ 150 ವರ್ಷಕ್ಕೂ ಹೆಚ್ಚಿನ ಕಥೆ ಇದೆ.

ಮೊದಲು ಇದ್ದದ್ದು ಗಿಡದ ಬಣ್ಣ. ಮೂರು ಸಾವಿರ ವರ್ಷಗಳ ಹಿಂದೆಯೇ ಈಜಿಪ್ಟಿನವರು ತಲೆಗೆ ಮದರಂಗಿ ಹಚ್ಚುತ್ತಿದ್ದರು. ಮದರಂಗಿ ಎಲೆಯಲ್ಲಿರುವ ಲಾಸೋನ್ ಎಂಬ ಅಂಶ ಕೂದಲಿನ ಕೆರಾಟಿನ್‌ಗೆ ಅಂಟಿಕೊಳ್ಳುತ್ತದೆ. ಆದರೆ ಅದು ಕೊಡುವುದು ಕೆಂಪು, ಕಪ್ಪಲ್ಲ. ಕಪ್ಪು ಬೇಕಿದ್ದವರು ಅದರ ಮೇಲೆ ನೀಲಿ ಗಿಡದ ಎಲೆಪುಡಿ ಹಚ್ಚಬೇಕಿತ್ತು. ಅರ್ಧ ದಿನದ ಕೆಲಸ.

1856ರಲ್ಲಿ ಲಂಡನ್ನಿನ 18ರ ಹುಡುಗ ವಿಲಿಯಂ ಪರ್ಕಿನ್ ಮಲೇರಿಯಾದ ಔಷಧಿ ಕ್ವಿನೈನ್ ತಯಾರಿಸಲು ಹೋಗಿ, ಕಲ್ಲಿದ್ದಲ ಡಾಂಬರಿನ ವಸ್ತುವಿನಿಂದ ನೇರಳೆ ಬಣ್ಣ ಪಡೆದ. ಕೃತಕ ಬಣ್ಣಗಳ ಉದ್ಯಮ ಅಲ್ಲಿಂದ ಬೆಳೆಯಿತು. ಅವನ ಗುರು ಹಾಫ್‌ಮನ್ 1863ರಲ್ಲಿ ಪಿಪಿಡಿ ಎಂಬ ರಾಸಾಯನಿಕದ ಬಗ್ಗೆ ಬರೆದ. 1907ರಲ್ಲಿ ಪ್ಯಾರಿಸ್ಸಿನ ಯೂಜೀನ್ ಶುಲ್ಲರ್ ಕೃತಕ ಕೂದಲ ಬಣ್ಣ ತಯಾರಿಸಿ ಸಲೂನುಗಳಿಗೆ ಮಾರತೊಡಗಿದ.

ಪಿಪಿಡಿ ಗೆದ್ದದ್ದು ಏಕೆ? ಅದರ ಸಣ್ಣ ಕಣಗಳು ಕೂದಲ ಒಳಗೆ ನುಗ್ಗಿ, ಪೆರಾಕ್ಸೈಡ್ ಸೇರಿದಾಗ ಒಂದಕ್ಕೊಂದು ಕೂಡಿ ದೊಡ್ಡದಾಗುತ್ತವೆ. ಆಮೇಲೆ ಹೊರಗೆ ಬರಲಾರವು. ಅದಕ್ಕೇ ಬಣ್ಣ ಬಾಳುತ್ತದೆ. ಆದರೆ ಅದೇ ಸಣ್ಣ ಕಣ ಚರ್ಮಕ್ಕೂ ಇಳಿಯುತ್ತದೆ, ಕೆಲವರಿಗೆ ಅಲರ್ಜಿ ತರುತ್ತದೆ. ಒಮ್ಮೆ ಅಲರ್ಜಿ ಆದವರಿಗೆ ಮುಂದಿನ ಸಲ ಇನ್ನೂ ಜೋರಾಗಬಹುದು.

ಈಗ ವಿಜ್ಞಾನಿಗಳು ಮತ್ತೆ ಪ್ರಕೃತಿಯ ಕಡೆ ತಿರುಗಿದ್ದಾರೆ. ನಮ್ಮ ಕೂದಲಿಗೆ ಕಪ್ಪು ಕೊಡುವುದು ಮೆಲನಿನ್. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು 2020ರಲ್ಲಿ ಕೃತಕ ಮೆಲನಿನ್ ತಯಾರಿಸಿ ಕೂದಲ ಹೊರಮೈಗೆ ಪದರವಾಗಿ ಕೂರಿಸಿದರು. ಹಲವು ಸಲ ತೊಳೆದರೂ ಬಣ್ಣ ಉಳಿಯಿತು. ಆದರೆ ಪ್ರಯೋಗಾಲಯದ ಗೆಲುವು ನಮ್ಮೂರ ಅಂಗಡಿಯ ಪಾಕೆಟ್ ಆಗಲು ದಾರಿ ಉದ್ದ ಇದೆ.

ಅಲ್ಲಿಯವರೆಗೆ ಪಾಕೆಟ್ ಹಿಂಬದಿ ಓದೋಣ. 'ಕಪ್ಪು ಮೆಹಂದಿ' ಎಂದು ಬರೆದಿದ್ದರೂ ಒಳಗೆ ಪಿಪಿಡಿ ಇರಬಹುದು. ಮದರಂಗಿ ತಾನಾಗಿ ಕಪ್ಪು ಬಣ್ಣ ಕೊಡುವುದಿಲ್ಲ, ನೆನಪಿರಲಿ. ಹಚ್ಚುವ ಎರಡು ದಿನ ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ನೋಡೋಣ. ತುರಿಸಿದರೆ ಬಿಟ್ಟುಬಿಡೋಣ. ಮದುವೆ ಫೋಟೋದಲ್ಲಿ ಊದಿದ ಕಣ್ಣಿಗಿಂತ ನರೆತ ಕೂದಲೇ ಚೆಂದ.