ದತ್ತಿ ಬೇಡ ಅಂದ ವೃದ್ಧಾಶ್ರಮದೋರು

ನಮ್ಮ ಧರ್ಮಪುರದ ಕಡೆ ದತ್ತಿ ಬಿಡೋದು ಅಂದ್ರೆ ಯಾರಿಗೂ ಬಿಡಿಸಿ ಹೇಳ್ಬೇಕಾಗಿಲ್ಲ. ಒಂದು ತುಂಡು ಹೊಲನೋ, ಬ್ಯಾಂಕಲ್ಲಿ ಒಂದಿಷ್ಟು ದುಡ್ಡೋ ಬರೆದಿಡೋದು. ಅಸಲು ಮುಟ್ಟಂಗಿಲ್ಲ, ಹುಟ್ಟುವಳಿಯಲ್ಲೇ ಧರ್ಮ ನಡೀಬೇಕು. ಗುಬ್ಬಿ ತೋಟದಪ್ಪನವರು ಮಕ್ಕಳಿಲ್ಲದೆ 1910ರಲ್ಲಿ ತೀರಿಕೊಂಡ್ರು. ಆದ್ರೆ ಅವರು ಬಿಟ್ಟುಹೋದ ಬೆಂಗಳೂರಿನ ಛತ್ರ ಇವತ್ತಿಗೂ ಐತೆ. ವಯಸ್ಸಾದೋರ ಆಶ್ರಮಕ್ಕೂ ಹಿಂಗೇ ಬರೆದಿಡೋರು ಇದ್ದಾರೆ.

ಅದೇ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ಅನ್ನೋ ಸಿಸ್ಟರ್‌ಗಳ ವೃದ್ಧಾಶ್ರಮ ಐತೆ. ಇವರ ಸಭೆಯೋರು ಮಾತ್ರ ಕಾಯಂ ದತ್ತಿ ಬೇಡ ಅಂದೋರು. ಆ ಕಥೆ ಕೇಳ್ರವ್ವ.

ಫ್ರಾನ್ಸ್ ದೇಶದಲ್ಲಿ ಝಾನ್ ಜ್ಯುಗಾನ್ ಅಂತ ಒಬ್ಬಾಕೆ. ಮನೆಗೆಲಸ ಮಾಡ್ಕೊಂಡಿದ್ದೋಳು, ಮದುವೆ ಇಲ್ಲ. 1839ರ ಚಳಿಗಾಲದಲ್ಲಿ ಕಣ್ಣು ಕಾಣದ, ಲಕ್ವ ಹೊಡೆದ ಒಬ್ಬ ಮುದುಕಿಯನ್ನ ಮನೆಗೆ ತಂದು, ತನ್ನ ಹಾಸಿಗೆ ಬಿಟ್ಟುಕೊಟ್ಟು, ತಾನು ಅಟ್ಟದ ಮೇಲೆ ಮಲಗಿದ್ಳು. ಆಗ ಆಕೆಗೇ 47 ವರ್ಷ. ಆಮೇಲೆ ಒಬ್ಬೊಬ್ರಾಗಿ ಬಂದ್ರು. ಅಷ್ಟು ಜನಕ್ಕೆ ಅನ್ನ ಎಲ್ಲಿಂದ? ಬುಟ್ಟಿ ಹಿಡ್ಕೊಂಡು ಮನೆಮನೆಗೆ ಹೋಗಿ ಬೇಡಿದ್ಳು.

ಕೆಲಸ ದೊಡ್ಡದಾದ ಮೇಲೆ ಒಬ್ಬ ಪಾದ್ರಿ ಯಜಮಾನಿಕೆ ಹಿಡಿದು, ಈಕೆಯನ್ನ ಮೂಲೆಗೆ ಕೂರಿಸಿದ. ಕಟ್ಟಿದೋನು ಅವನೇ ಅಂತ ಜನ ನಂಬಿದ್ರು. (ಹೆಂಗಸರು ಮಾಡಿದ್ದು ಯಾರದೋ ಹೆಸರಿಗೆ ಹೋಗೋದು ಬರೀ ನಮ್ಮೂರಲ್ಲೇ ಅಲ್ಲ, ನೋಡಿ.)

1865ರಲ್ಲಿ, ವರ್ಷಾವರ್ಷ ಆದಾಯ ಬರೋ ಆಸ್ತಿ ಯಾರಾದ್ರೂ ಬಿಟ್ಟರೆ ಇಟ್ಕೋಬೇಕೋ ಬೇಡವೋ ಅನ್ನೋ ಚರ್ಚೆ ಬಂತು. ಆಗ ಮೂಲೆಯಲ್ಲಿದ್ದ ಝಾನ್‌ಳನ್ನೂ ಕರೆದು ಕೇಳಿದ್ರು. ಬೇಡ, ದೇವರು ನಡೆಸ್ತಾನೆ ಅಂದ್ಳು. ಹಂಗೇ ತೀರ್ಮಾನ ಆಯ್ತು. ಒಂದು ಸಲಕ್ಕೆ ಕೊಟ್ಟರೆ ತಗೊಂಡು ಖರ್ಚು ಮಾಡ್ತಾರೆ, ಕಾಯಂ ಬಾಡಿಗೆ-ಬಡ್ಡಿ ಇಟ್ಕೊಳ್ಳಂಗಿಲ್ಲ.

ಮೊದಲು ಓದಿದಾಗ ನಂಗೆ ಇದು ಹುಚ್ಚು ಅನ್ನಿಸ್ತು. ಹಾಸಿಗೆ ಹಿಡಿದೋರಿಗೆ ನಾಳೆ ಔಷಧಿ ಬೇಡ್ವಾ? ಆದ್ರೆ ಯೋಚನೆ ಮಾಡಿ. ಆಶ್ರಮಕ್ಕೆ ದೊಡ್ಡ ದತ್ತಿ ಐತೆ ಅಂತ ಗೊತ್ತಾದ್ರೆ ಊರೋರು ಒಂದು ಸೇರು ಅಕ್ಕಿ ತಗೊಂಡು ಆ ಬಾಗಿಲಿಗೆ ಹೋಗ್ತಾರಾ? ಅಕ್ಕಿ ನಿಂತರೆ ಹೋಗಲಿ, ಅದನ್ನ ಕೊಡೋಕೆ ಬಂದೋರು ಅಜ್ಜಿ ಹತ್ರ ಕೂತು ಆಡೋ ನಾಲ್ಕು ಮಾತೂ ನಿಂತುಹೋಗುತ್ತೆ. ಬಡ್ಡಿ ದುಡ್ಡು ಆ ಮಾತು ತರಲ್ಲ.

ಆದ್ರೂ ನಾನು ತೋಟದಪ್ಪನವರ ಕಡೆಗೇ. ಬೇಡೋಕೆ ದಿನಾ ಬುಟ್ಟಿ ಹಿಡಿಯೋ ಸಿಸ್ಟರ್‌ಗಳು ಎಲ್ಲಾ ಊರಲ್ಲೂ ಸಿಗಲ್ಲ. ಝಾನ್ 1879ರಲ್ಲಿ ತೀರಿಕೊಂಡಾಗ ಅವರ ಸಭೆಯಲ್ಲಿ ಸುಮಾರು 2,400 ಜನ ಇದ್ರಂತೆ.