ಕಲ್ಲಿನ ಅಕ್ಷರ, ಗಣಕದ ಚಿತ್ರ

ಮೂಡಿಗೆರೆ ತಾಲ್ಲೂಕಿನ ಅಂಗಡಿಯೇ ಹೊಯ್ಸಳರ ಮೂಲನೆಲೆಯಾದ ಸೊಸೆವೂರು ಎಂಬುದು ಇತಿಹಾಸಕಾರರ ಅಭಿಪ್ರಾಯ. ಅಲ್ಲಿನ ಹಳೆಯ ಬಸದಿಗಳ ಬಳಿ, ಕಳಸದಲ್ಲಿ, ಬಾಬಾಬುಡನ್‌ಗಿರಿಯ ತಪ್ಪಲಿನ ಊರುಗಳಲ್ಲಿ ನಿಂತಿರುವ ಶಾಸನಗಲ್ಲುಗಳು ವರ್ಷದ ಮೂರು ನಾಲ್ಕು ತಿಂಗಳು ಮಳೆಯಲ್ಲಿ ನೆನೆಯುತ್ತವೆ. ಪಾಚಿ ಕಟ್ಟುತ್ತದೆ, ಅಕ್ಷರದ ಅಂಚು ಸವೆಯುತ್ತದೆ. ನಡುಹಗಲಲ್ಲಿ ಎಷ್ಟು ನೋಡಿದರೂ ಕಾಣದ ಸಾಲು ಸಂಜೆಯ ಓರೆ ಬಿಸಿಲಿಗೆ ಎದ್ದು ಕಾಣುವುದು ಶಾಸನ ಓದುವವರಿಗೆಲ್ಲ ತಿಳಿದ ಸಂಗತಿ. ಕಲ್ಲಿನ ಮೇಲೆ ಅಕ್ಷರವೆಂದರೆ ಒಂದು ಕುಳಿ ಮತ್ತು ಅದರ ಅಂಚಿನ ನೆರಳು, ಅಷ್ಟೆ.

ಈ ನೆರಳನ್ನು ಕಲ್ಲಿನಿಂದ ಬಿಡಿಸಿ ದೂರದ ಓದುಗನಿಗೆ ತಲುಪಿಸುವ ಪ್ರಯತ್ನ ಹೊಸದಲ್ಲ. 1865ರಲ್ಲಿ ಮೇಜರ್ ಡಿಕ್ಸನ್ ಮೈಸೂರು ಸರ್ಕಾರಕ್ಕಾಗಿ ಸೀಮೆಯ ಶಾಸನಗಳ ಛಾಯಾಚಿತ್ರ ತೆಗೆದ. ಆ ಚಿತ್ರಗಳನ್ನು ಆಧರಿಸಿ ಬಿ.ಎಲ್. ರೈಸ್ 1879ರಲ್ಲಿ 'ಮೈಸೂರು ಇನ್‌ಸ್ಕ್ರಿಪ್ಷನ್ಸ್' ಪ್ರಕಟಿಸಿದರು. ಮುಂದೆ ಅವರು 'ಎಪಿಗ್ರಾಫಿಯಾ ಕರ್ನಾಟಿಕ'ದ ಸಂಪುಟಗಳನ್ನು ಹೊರತಂದಾಗ ಆಗಿನ ಕಡೂರು ಜಿಲ್ಲೆಗೆ, ಎಂದರೆ ಇಂದಿನ ಚಿಕ್ಕಮಗಳೂರಿಗೆ, 6ನೇ ಸಂಪುಟ ಮೀಸಲಾಯಿತು. ಅದು ಅಚ್ಚಾದದ್ದು 1901ರಲ್ಲಿ. 13ನೇ ಶತಮಾನದಲ್ಲಿ ಕಳಸವನ್ನು ಆಳಿದ ಜಾಕಲ ಮಹಾದೇವಿ, ಕಾಳಲ ಮಹಾದೇವಿ ಎಂಬ ರಾಣಿಯರ ಹೆಸರು ನಮಗೆ ಉಳಿದಿರುವುದು ಶಾಸನಗಳಿಂದ.

ಛಾಯಾಚಿತ್ರಕ್ಕಿಂತ ಹೆಚ್ಚು ನಂಬಿಕೆಗೆ ಪಾತ್ರವಾದದ್ದು ಪಡಿಯಚ್ಚು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಗಡುಸು ಬ್ರಷ್ಷಿನಿಂದ ತಟ್ಟಿ ಕಾಗದವನ್ನು ಅಕ್ಷರದ ಕುಳಿಗೆ ಇಳಿಸುತ್ತಾರೆ. ಮೇಲೆ ಮಸಿ ಒತ್ತುತ್ತಾರೆ. ಕಲ್ಲಿನ ಮೈ ಕಪ್ಪಾಗಿ, ಅಕ್ಷರ ಬಿಳಿಯಾಗಿ ಮೂಡುತ್ತದೆ. ಕಲ್ಲಿನ ಬಣ್ಣ, ಕುಳಿಯ ಆಳ ಇಲ್ಲಿ ಕಳೆದುಹೋಗುತ್ತವೆ. ಗೆರೆಯ ಅಂಚು ಮಾತ್ರ ಉಳಿಯುತ್ತದೆ. ಓದುವವನಿಗೆ ಬೇಕಾದದ್ದೂ ಅದೇ. ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಬೇಕು ಎಂಬ ವಿವೇಕ ಆ ಹಳೆಯ ವಿಧಾನದಲ್ಲೇ ಇತ್ತು.

ಈಗ ಅಂಗಡಿಗೆ ಹೋದವರ ಕೈಯಲ್ಲಿ ಕಾಗದವಿಲ್ಲ, ಫೋನಿದೆ. ಅಗಲಕ್ಕೆ 4000, ಎತ್ತರಕ್ಕೆ 3000 ಬಿಂದುಗಳ ಚಿತ್ರವೆಂದರೆ 1 ಕೋಟಿ 20 ಲಕ್ಷ ಬಿಂದುಗಳು. ಕೆಂಪು, ಹಸಿರು, ನೀಲಿಗೆ ಒಂದೊಂದು ಬೈಟಿನಂತೆ 3 ಕೋಟಿ 60 ಲಕ್ಷ ಬೈಟು. ಇದನ್ನು ಇದ್ದ ಹಾಗೆಯೇ ಇಟ್ಟುಕೊಳ್ಳಬಲ್ಲ ಟಿಫ್ ನಮೂನೆಯನ್ನು ಆಲ್ಡಸ್ ಕಂಪೆನಿ 1986ರಲ್ಲಿ ಸ್ಕ್ಯಾನರುಗಳನ್ನು ಗಮನದಲ್ಲಿಟ್ಟು ರೂಪಿಸಿತು. 1987ರ ಜಿಫ್ ಚಿಕ್ಕದು, ಆದರೆ 256 ಬಣ್ಣಗಳಿಗಿಂತ ಹೆಚ್ಚು ಹಿಡಿಯದು. ಅದರೊಳಗಿನ ಕುಗ್ಗಿಸುವ ವಿಧಾನದ ಪೇಟೆಂಟಿನ ಬಗ್ಗೆ 1994ರ ಕೊನೆಯಲ್ಲಿ ಎದ್ದ ತಕರಾರಿನಿಂದ ಪಿಎನ್‌ಜಿ ಹುಟ್ಟಿತು. ಇದು ಚಿತ್ರವನ್ನು ಕುಗ್ಗಿಸಿದರೂ ಒಂದು ಬಿಂದುವನ್ನೂ ಬದಲಿಸುವುದಿಲ್ಲ.

ಆದರೆ ಜಗತ್ತನ್ನು ಗೆದ್ದದ್ದು 1992ರಲ್ಲಿ ಮಾನಕವಾದ ಜೆಪೆಗ್. ಇದರ ಬೇರು ಬೆಂಗಳೂರಿನ ಒಬ್ಬ ಎಂಜಿನಿಯರರಲ್ಲಿದೆ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಈಗ ಯುವಿಸಿಇ ಎಂದು ಹೆಸರಾದ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದ ನಾಸಿರ್ ಅಹ್ಮದ್ ಆಮೇಲೆ ಅಮೆರಿಕಕ್ಕೆ ಹೋದರು. ಕೊಸೈನ್ ಅಲೆಗಳನ್ನು ಬಳಸಿ ಚಿತ್ರವನ್ನು ಕುಗ್ಗಿಸುವ ಬಗೆಯನ್ನು ಅಧ್ಯಯನ ಮಾಡಲು 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಹಣ ಕೇಳಿದರು; ಸಿಗಲಿಲ್ಲ. ಅವರು ಬಿಡಲಿಲ್ಲ. ಟಿ. ನಟರಾಜನ್, ಕೆ.ಆರ್. ರಾವ್ ಅವರ ಜೊತೆ ಸೇರಿ ಬರೆದ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು. ಹಣ ನಿರಾಕರಿಸಿದ ಆ ವಿಷಯದ ಮೇಲೆಯೇ ಇಂದು ನಮ್ಮ ಫೋನುಗಳಲ್ಲಿ ತುಂಬಿರುವ ಮದುವೆ, ಹಬ್ಬ, ಪ್ರವಾಸದ ಚಿತ್ರಗಳೆಲ್ಲ ಬಹುಮಟ್ಟಿಗೆ ನಿಂತಿವೆ.

ಅದರ ಕೆಲಸ ಹೀಗೆ: ಚಿತ್ರವನ್ನು 8ಕ್ಕೆ 8ರ ಪುಟ್ಟ ಚೌಕಗಳಾಗಿ ಕತ್ತರಿಸುವುದು, ಪ್ರತಿ ಚೌಕದ 64 ಬಿಂದುಗಳನ್ನು 64 ಅಲೆಗಳ ಮೊತ್ತವಾಗಿ ಬರೆಯುವುದು. ನಿಧಾನವಾಗಿ ಏರಿಳಿಯುವ ಅಲೆಗಳು ಆಕಾಶದ, ಕಾಫಿ ತೋಟದ ಇಳಿಜಾರಿನ ಮೆಲ್ಲನೆಯ ಬದಲಾವಣೆಯನ್ನು ಹಿಡಿಯುತ್ತವೆ. ಬೇಗ ಬೇಗ ಏರಿಳಿಯುವ ಅಲೆಗಳು ಚೂಪಾದ ಅಂಚುಗಳನ್ನು ಹಿಡಿಯುತ್ತವೆ. ಕಣ್ಣು ಇವನ್ನು ಅಷ್ಟಾಗಿ ಗಮನಿಸದೆಂದು ಜೆಪೆಗ್ ಇವುಗಳ ಲೆಕ್ಕವನ್ನು ಒರಟಾಗಿ ದುಂಡು ಮಾಡುತ್ತದೆ, ಅನೇಕವು ಸೊನ್ನೆಯಾಗುತ್ತವೆ. ನಷ್ಟಕ್ಕೆ ಕಾರಣ ನಾಸಿರ್ ಅಹ್ಮದರ ಗಣಿತವಲ್ಲ, ಅದರ ಮೇಲೆ ನಡೆಯುವ ಈ ದುಂಡು ಲೆಕ್ಕ.

ಮುಖದ ಚಿತ್ರಕ್ಕೆ ಇದರಿಂದ ತೊಂದರೆ ಕಡಿಮೆ. ಶಾಸನಕ್ಕೆ ಹಾಗಲ್ಲ. ಪಡಿಯಚ್ಚು ಬಣ್ಣವನ್ನು ಬಿಟ್ಟು ಅಂಚನ್ನು ಉಳಿಸಿತು. ಜೆಪೆಗ್ ಬಣ್ಣವನ್ನು ಸುಮಾರಾಗಿ ಉಳಿಸಿ ಅಂಚನ್ನೇ ಮಸುಕು ಮಾಡುತ್ತದೆ. ಇಂದಿನ ಕನ್ನಡದಲ್ಲಿ ಪ ಮತ್ತು ಷ ಬೇರೆಯಾಗುವುದು ಒಳಗಿನ ಒಂದು ಸಣ್ಣ ಗೆರೆಯಿಂದ. ಸವೆದ ಕಲ್ಲಿನಲ್ಲಿ ಕಾಣುವ ಒಂದು ಚುಕ್ಕೆ ಅನುಸ್ವಾರವೋ ಕಲ್ಲಿನದೇ ತೂತೋ ಎಂಬ ಪ್ರಶ್ನೆಗೆ ಉತ್ತರ ಅದರ ಅಂಚಿನಲ್ಲಿರುತ್ತದೆ. ಶಕವರ್ಷದ ಅಂಕಿಯೊಂದು ತಪ್ಪಿದರೆ ದಾನ ಕೊಟ್ಟ ರಾಜನೇ ಬದಲಾದಾನು.

ಪರಿವರ್ತನೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆಯಂತೂ ವ್ಯಾಪಕವಾಗಿದೆ. ಮಸುಕಾದ ಜೆಪೆಗ್ಗನ್ನು ಪಿಎನ್‌ಜಿಗೋ ಟಿಫ್‌ಗೋ ಬದಲಿಸಿದರೆ ಚಿತ್ರ ಸುಧಾರಿಸುತ್ತದೆಂದು ಹಲವರು ನಂಬುತ್ತಾರೆ. ಸುಧಾರಿಸುವುದಿಲ್ಲ, ಫೈಲು ದಪ್ಪವಾಗುತ್ತದೆ, ಹೋದ ಅಂಚು ಹೋದದ್ದೇ. ಜೆಪೆಗ್ಗನ್ನು ತಿದ್ದಿ ಮತ್ತೆ ಜೆಪೆಗ್ಗಾಗಿಯೇ ಉಳಿಸಿದರೆ ಮತ್ತೊಂದು ಸುತ್ತಿನ ದುಂಡು ಲೆಕ್ಕ ನಡೆಯುತ್ತದೆ. ಅದಕ್ಕೇ ಗ್ರಂಥಭಂಡಾರಗಳಲ್ಲಿ ಟಿಫ್ ಮೂಲಪ್ರತಿಯನ್ನು ಮುಟ್ಟದೆ ಇಟ್ಟು, ಓದುಗರಿಗೆ ಕೊಡುವಷ್ಟಕ್ಕೆ ಜೆಪೆಗ್ ಮಾಡಿಕೊಳ್ಳುವ ರೂಢಿ ಇದೆ.

ಕಲ್ಲು ಇರುವವರೆಗೆ ಇದೆಲ್ಲ ಅಷ್ಟು ಭಯಪಡುವ ಮಾತಲ್ಲ. ಇನ್ನೊಮ್ಮೆ ಹೋಗಿ ನೋಡಬಹುದು. ಆದರೆ ಬೆಂಗಳೂರಿನಲ್ಲಿ ರೈಸ್ ದಾಖಲಿಸಿದ ಎಷ್ಟೋ ಕಲ್ಲುಗಳು ನಗರ ಬೆಳೆದಂತೆ ಕಣ್ಮರೆಯಾದವು. ಅಲ್ಲಿ 2021ರಲ್ಲಿ ಮಿಥಿಕ್ ಸೊಸೈಟಿ ಉಳಿದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಯೋಜನೆ ಕೈಗೊಂಡಿತು. ಅದರಲ್ಲಿ ಕುಳಿಯ ಆಳವೂ ದಾಖಲಾಗುತ್ತದೆ. ಸಂಜೆಯ ಓರೆ ಬೆಳಕನ್ನು ಗಣಕದ ಪರದೆಯ ಮೇಲೆ ಬೇಕಾದ ದಿಕ್ಕಿನಿಂದ ಬೀಳಿಸಿ ಓದಬಹುದು. ಮಲೆನಾಡಿನ ಕಲ್ಲುಗಳ ಮುಂದೆ ಫೋನು ಹಿಡಿದು ನಿಂತವರಿಗೆ ಸದ್ಯಕ್ಕೆ ಸಾಧ್ಯವಿರುವುದು ಇಷ್ಟು: ಬಿಸಿಲು ಓರೆಯಾಗುವವರೆಗೆ ಕಾಯುವುದು, ತೆಗೆದ ಚಿತ್ರವನ್ನು ಕುಗ್ಗಿಸದೆ ಮೂಲ ಫೈಲಾಗಿಯೇ ಕಳಿಸುವುದು.