ಹಳೆ ಬಟ್ಟೆಯ ಲೆಕ್ಕ: ಮನೆಯೊಳಗಿನ ಮರುಬಳಕೆ ಮತ್ತು ನೂಲಿನ ಪ್ರಶ್ನೆ

ಭಾರತದಲ್ಲಿ ವರ್ಷಕ್ಕೆ ಸುಮಾರು 78 ಲಕ್ಷ ಟನ್ ಬಟ್ಟೆ ತ್ಯಾಜ್ಯ ಸೇರುತ್ತದೆಂದೂ ಅದರಲ್ಲಿ ಶೇ. 59ರಷ್ಟು ಮರುಬಳಕೆ, ಮರುಸಂಸ್ಕರಣೆಗಳ ಮೂಲಕ ಉದ್ಯಮಕ್ಕೆ ಮರಳುತ್ತದೆಂದೂ 'ಫ್ಯಾಷನ್ ಫಾರ್ ಗುಡ್' ಸಂಸ್ಥೆಯ 2022ರ ವರದಿ ಅಂದಾಜಿಸಿದೆ. ದಿಲ್ಲಿಯ ವಾಘ್ರಿ ಸಮುದಾಯದ ಹೆಂಗಸರು ಸ್ಟೀಲ್ ಪಾತ್ರೆ ಕೊಟ್ಟು ಹಳೆ ಬಟ್ಟೆ ಪಡೆಯುವ ವಿನಿಮಯವನ್ನು ಲೂಸಿ ನಾರಿಸ್ 2010ರ ಗ್ರಂಥದಲ್ಲಿ ವಿವರವಾಗಿ ದಾಖಲಿಸಿದ್ದಾರೆ. ಬಟ್ಟೆ ಹೊಸ್ತಿಲು ದಾಟಿದ ಮೇಲಿನ ದಾರಿಗಳ ಬಗ್ಗೆ ಹೆಚ್ಚು ತಕರಾರಿಲ್ಲ.

ತಕರಾರಿರುವುದು ಹೊಸ್ತಿಲ ಒಳಗಿನ ಬದುಕಿನ ಬಗ್ಗೆ. ಮನೆಯ ಮರುಬಳಕೆ ಕುಗ್ಗಿದ್ದಕ್ಕೆ ಕೊಳ್ಳುಬಾಕತನವೇ ಕಾರಣವೆಂಬ ವಿವರಣೆ ರೂಢಿಯಲ್ಲಿದೆ. ಅದು ಅರ್ಧ ಮಾತ್ರ ಸರಿ. ಗೌನಿಪಲ್ಲಿ, ಶ್ರೀನಿವಾಸಪುರ ಕಡೆಯ ತೆಲುಗು-ಕನ್ನಡ ಬೆರೆತ ಮನೆಗಳ ಬೊಂತವನ್ನೋ ಉತ್ತರ ಕರ್ನಾಟಕದ ಕೌದಿಯನ್ನೋ, ಅಂದರೆ ಹಳೆ ಬಟ್ಟೆ ಜೋಡಿಸಿ ಹೊಲಿದ ಹೊದಿಕೆಯನ್ನು, ನೋಡಿ. ಹತ್ತಿ ಸೀರೆ ಸವೆದಷ್ಟೂ ಮೆತ್ತಗಾಗಿ ಸೂಜಿಗೆ ಒಗ್ಗುತ್ತದೆ. ಮಿಕ್ಕ ತುಂಡು ಕೂಸಿನ ಅಡಿಬಟ್ಟೆಯಾಗಿ, ಕೊನೆಗೆ ಒಲೆ ಬದಿಯ ಮಸಿಬಟ್ಟೆಯಾಗುತ್ತದೆ. ಈ ಕೊನೆಯ ಕೆಲಸಗಳಿಗೆಲ್ಲ ಬಟ್ಟೆ ನೀರು ಹೀರಬೇಕು. ಪಾಲಿಯೆಸ್ಟರ್ ಸೀರೆ ಉಟ್ಟವರಿಗೆ ಬೇಸರವಾದಾಗಲೂ ಗಟ್ಟಿಯಾಗಿಯೇ ಇರುತ್ತದೆ, ಆದರೆ ನೆಲ ಒರೆಸಲೂ ಬಾರದು. ಆದ್ದರಿಂದ ಮೊದಲು ಬದಲಾದದ್ದು ನೂಲು, ಮನೋಭಾವ ಬದಲಾದದ್ದು ಆಮೇಲೆ ಎಂಬುದು ನನ್ನ ವಾದ.

ಈ ವಾದಕ್ಕೆ ಮಿತಿಗಳಿವೆ. ಪಾಲಿಯೆಸ್ಟರ್ ಸೀರೆ ಸೇರಿಸಿ ಹೊಲಿದ ಕೌದಿಗಳೂ ಇವೆ; ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಕೌದಿಯನ್ನು ಮಾರಾಟಕ್ಕೂ ಹೊಲಿಯುತ್ತಾರೆ. ಪುರುಸೊತ್ತಿನ ಅಭಾವವನ್ನೂ ತಳ್ಳಿಹಾಕಲಾಗದು: ಮನೆಯ ಹರುಕು ಹೊಲಿಯಬೇಕಿದ್ದ ಕೈಗಳೇ ಗಾರ್ಮೆಂಟ್ಸ್‌ನಲ್ಲಿ ಹೊಸ ಬಟ್ಟೆ ಹೊಲಿಯುತ್ತಿವೆ. ಹಾಗಾಗಿ ನೂಲು ಏಕೈಕ ಕಾರಣವೆಂದು ನಾನು ಹೇಳುತ್ತಿಲ್ಲ. ಲೆಕ್ಕಕ್ಕೆ ಬಾರದೆ ಉಳಿದ ಕಾರಣ ಎನ್ನುತ್ತಿದ್ದೇನೆ, ಅಷ್ಟೇ.

ನಗರಗಳ ನೀತಿಗೆ ಇದರಿಂದ ವ್ಯತ್ಯಾಸವಾಗುತ್ತದೆ. ಯುರೋಪಿಯನ್ ಒಕ್ಕೂಟ 2025ರ ಜನವರಿಯಿಂದ ಬಟ್ಟೆಯ ಪ್ರತ್ಯೇಕ ಸಂಗ್ರಹವನ್ನು ಕಡ್ಡಾಯ ಮಾಡಿತು. ಫ್ರಾನ್ಸ್ 2023ರ ನವೆಂಬರಿನಿಂದಲೇ ದುರಸ್ತಿಯ ಬಿಲ್ಲಿನಲ್ಲಿ ರಿಯಾಯಿತಿ ಕೊಡುತ್ತಿದೆ. ಬೆಂಗಳೂರಿನ ಒಣಕಸ ಸಂಗ್ರಹ ಕೇಂದ್ರಗಳು ಮೊದಲ ದಾರಿಗೆ ಹತ್ತಿರ. ಆದರೆ ಹಸಿಕಸದ ಜೊತೆ ಬೆರೆತು ತೊಯ್ದ ಬಟ್ಟೆ ಮತ್ತೆ ಉಡಲು ಬಾರದು. ಹತ್ತಿಗೆ ಚಿಂದಿ ವ್ಯಾಪಾರ, ಗ್ಯಾರೇಜಿನ ವೇಸ್ಟ್ ಬಟ್ಟೆಯ ದಾರಿ ಇನ್ನೂ ತೆರೆದಿದೆ. ಸವೆಯದ ಪಾಲಿಯೆಸ್ಟರಿಗೆ ಬೇಕಾದದ್ದು ಬೀದಿ ಬದಿಯ ಟೈಲರ್: ಜಿಪ್ ಬದಲಿಸುವುದು, ಅಂಚು ಮಡಿಸುವುದು, ಬಿಗಿಯಾದದ್ದನ್ನು ಬಿಚ್ಚಿ ಸಡಿಲಿಸುವುದು. ಪಾಲಿಕೆಯ ಹಣ ಮೊದಲು ಅಲ್ಲಿಗೆ ಹೋಗಬೇಕು.

ಹತ್ತಿ-ಪಾಲಿಯೆಸ್ಟರ್ ಮಿಶ್ರ ನೂಲಿನ ಬಟ್ಟೆ ಯಾವ ದಾರಿ ಹಿಡಿಯಬೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಅದಕ್ಕೆ ಬಟ್ಟೆಯನ್ನು ನೂಲಿನ ಪ್ರಕಾರ ವಿಂಗಡಿಸಿ ತೂಗಿದ ವಾರ್ಡ್ ಮಟ್ಟದ ಲೆಕ್ಕ ಬೇಕು.